ಊರಿನವರೇ ಬೇಡಿ ತಂದ ಜೈಲು

ಪ್ರಶ್ನೆ: ನನ್ನ ಮಗಳು ಅಳಿಯ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದ್ದಾರೆ. ನ್ಯೂಯಾರ್ಕ್ ನಗರ ಅಲ್ಲ. ಅಲ್ಲಿಂದ ಐದಾರು ಗಂಟೆ ಉತ್ತರಕ್ಕೆ, ಕೆನಡಾ ಗಡಿ ಹತ್ತಿರದ ಸಣ್ಣ ಊರು. ಅಳಿಯ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಅಲ್ಲಿಗೆ ಹೋಗಿದ್ದಾಗ ನೋಡಿದೆ, ಅಷ್ಟು ಸಣ್ಣ ಜಾಗದ ಸುತ್ತಮುತ್ತ ಎಷ್ಟೊಂದು ಜೈಲು! ಅಕ್ಕಪಕ್ಕದ ಮನೆಯವರಲ್ಲಿ ಅರ್ಧ ಜನ ಜೈಲಿನಲ್ಲೇ ಕೆಲಸ ಮಾಡುವವರು. ಒಂದು ಜೈಲು ಮುಚ್ಚುತ್ತಾರೆ ಅಂತ ಸುದ್ದಿ ಬಂದಾಗ ಜನ ‘ಮುಚ್ಚಬೇಡಿ’ ಅಂತ ಬೋರ್ಡು ಹಿಡಿದು ನಿಂತಿದ್ದರಂತೆ. ನಮ್ಮೂರಿಗೆ ಜೈಲು ಬೇಡ ಅನ್ನುವವರನ್ನು ಕೇಳಿದ್ದೇನೆ, ಬೇಕು ಅನ್ನುವವರು ಇದೇ ಮೊದಲು. ಜೈಲಿನಿಂದ ಊರಿಗೆ ನಿಜವಾಗಿಯೂ ಲಾಭ ಇದೆಯಾ? ಮುಚ್ಚಿದ ಮೇಲೆ ಅಂಥ ಊರುಗಳ ಗತಿ ಏನು?

ಉತ್ತರ: ಬೋರ್ಡು ಹಿಡಿದವರ ವಿಷಯ ಕೇಳಿ ನಿಮಗೆ ವಿಚಿತ್ರ ಅನ್ನಿಸಿದ್ದು ಸಹಜ. ಆದರೆ ಅವರ ಜಾಗದಲ್ಲಿದ್ದಿದ್ದರೆ ನಾವೂ ಬೋರ್ಡು ಹಿಡಿಯುತ್ತಿದ್ದೆವೇನೋ. ನೀವು ಊರಿನ ಹೆಸರು ಬರೆದಿಲ್ಲ, ಪರವಾಗಿಲ್ಲ. ಆ ಭಾಗದ ಬಹಳಷ್ಟು ಊರುಗಳ ಕತೆ ಹೆಚ್ಚುಕಮ್ಮಿ ಒಂದೇ.

ಅಡಿರಾಂಡಾಕ್ ಬೆಟ್ಟಗಳಲ್ಲಿ ಮೈನ್‌ವಿಲ್ ಅಂತ ಒಂದು ಹಳ್ಳಿ ಇದೆ. ಹೆಸರೇ ಗಣಿಯೂರು. ನೂರು ವರ್ಷಕ್ಕೂ ಜಾಸ್ತಿ ಅಲ್ಲಿ ಕಬ್ಬಿಣದ ಅದಿರು ತೆಗೆದರು. 1971ರಲ್ಲಿ ಗಣಿ ಮುಚ್ಚಿತು. ಅಲ್ಲಿಂದ ಉತ್ತರಕ್ಕಿರುವ ಲಯನ್ ಮೌಂಟನ್‌ನ ಗಣಿ ಅದಕ್ಕೂ ಮೊದಲೇ, 1967ರಲ್ಲಿ ಮುಚ್ಚಿತ್ತು. ಅಪ್ಪ, ಅಜ್ಜ ಎಲ್ಲರೂ ಗಣಿಗೆ ಇಳಿದವರೇ. ಮಕ್ಕಳಿಗೆ ಇಳಿಯಲು ಗಣಿಯೇ ಇಲ್ಲ. ಚಳಿಗಾಲ ಐದು ತಿಂಗಳು, ಮಣ್ಣು ತೆಳು, ದೊಡ್ಡ ಪೇಟೆ ದೂರ. ಓದಿದವರು ಊರು ಬಿಟ್ಟರು. ಅಂಥ ಊರಿಗೆ ಸರ್ಕಾರ ಬಂದು, ಇಲ್ಲಿ ಒಂದು ಸಂಸ್ಥೆ ಮಾಡುತ್ತೇವೆ, ಸರ್ಕಾರಿ ಸಂಬಳ, ಆರೋಗ್ಯ ವಿಮೆ, 25 ವರ್ಷ ದುಡಿದರೆ ಪಿಂಚಣಿ ಅಂದರೆ ಯಾರು ಬೇಡ ಅಂತಾರೆ? ಲಯನ್ ಮೌಂಟನ್‌ನಲ್ಲಿ ಹಳೆಯ ಶಾಲೆಯ ಕಟ್ಟಡವೇ 1984ರಲ್ಲಿ ಜೈಲಾಯಿತು. ಮೈನ್‌ವಿಲ್‌ನಲ್ಲಿ 1989ರಲ್ಲಿ ಹಳೇ ಗಣಿಯ ಜಾಗದಲ್ಲೇ ಜೈಲು ಬಂತು. ಇನ್ನೊಂದು ನೋಡಿ. 1980ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಆಯಿತಲ್ಲ, ಆಟಗಾರರು ಉಳಿದುಕೊಂಡಿದ್ದ ಕಟ್ಟಡಗಳು ಈಗ ರೇ ಬ್ರೂಕ್‌ನ ಕೇಂದ್ರ ಸರ್ಕಾರದ ಜೈಲು. ಕಟ್ಟುವಾಗಲೇ ಆ ಲೆಕ್ಕ ಇಟ್ಟುಕೊಂಡು ಕಟ್ಟಿದ್ದರು.

ಸರ್ಕಾರಕ್ಕೆ ಅಷ್ಟೊಂದು ಜೈಲು ಯಾಕೆ ಬೇಕಾಯಿತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. 1973ರಲ್ಲಿ ನ್ಯೂಯಾರ್ಕ್ ಮಾದಕ ವಸ್ತುಗಳ ವಿಷಯದಲ್ಲಿ ಬಹಳ ಕಟು ಕಾನೂನು ತಂದಿತು. ಸ್ವಲ್ಪ ಮಾಲು ಸಿಕ್ಕಿದರೂ ವರ್ಷಗಟ್ಟಲೆ ಶಿಕ್ಷೆ. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. 1970ರ ದಶಕದ ಶುರುವಿನಲ್ಲಿ ಇಡೀ ದೇಶದ ಜೈಲುಗಳಲ್ಲಿ ಸುಮಾರು 2 ಲಕ್ಷ ಖೈದಿಗಳಿದ್ದರು. 2009ರ ಹೊತ್ತಿಗೆ ಅದು 16 ಲಕ್ಷ ಆಗಿತ್ತು. ಇಲ್ಲಿ ಒಂದು ಮಾತು. ನಾವು ಎಲ್ಲಕ್ಕೂ ಜೈಲು ಅಂತೀವಿ. ಅಲ್ಲಿ ವಿಚಾರಣೆಗೆ ಕಾಯುವವರನ್ನು, ಸಣ್ಣ ಶಿಕ್ಷೆಯವರನ್ನು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಪೊಲೀಸ್ ಮುಖ್ಯಸ್ಥನಾದ ಶೆರಿಫ್ ನಡೆಸುವ ಬೇರೆ ಲಾಕಪ್ಪಿನಲ್ಲಿ ಇಡುತ್ತಾರೆ. ನಾನು ಹೇಳಿದ 16 ಲಕ್ಷದಲ್ಲಿ ಅವರು ಸೇರಿಲ್ಲ.

ಜನ ತುಂಬಿದರು, ಕಟ್ಟಡ ಬೇಕು. 1981ರಲ್ಲಿ ನ್ಯೂಯಾರ್ಕ್ ಸರ್ಕಾರ ಜೈಲು ಕಟ್ಟಲು 50 ಕೋಟಿ ಡಾಲರ್ ಸಾಲ ಎತ್ತಲೇ ಅಂತ ಮತದಾರರನ್ನು ಕೇಳಿತು. ಮತದಾರರು ಬೇಡ ಅಂದರು. ಮುಂದೆ ಗವರ್ನರ್ ಆದ ಮಾರಿಯೋ ಕ್ವೋಮೊ ಬೇರೆ ಬಾಗಿಲಿನಿಂದ ಒಳಗೆ ಬಂದರು. ನಗರಗಳಲ್ಲಿ ಬಡವರಿಗೆ ಮನೆ ಕಟ್ಟಲು ಅಂತ ಇದ್ದ ಒಂದು ಸರ್ಕಾರಿ ನಿಗಮದ ಹೆಸರಿನಲ್ಲಿ ಬಾಂಡ್ ಬಿಟ್ಟರು, ಅಂದರೆ ಸಾಲಪತ್ರ ಮಾರಿ ಹಣ ಎತ್ತಿದರು. ಅದಕ್ಕೆ ಜನರ ಒಪ್ಪಿಗೆ ಬೇಕಿರಲಿಲ್ಲ. ಅವರ ಕಾಲದಲ್ಲಿ ಸುಮಾರು 30 ಜೈಲುಗಳು ಎದ್ದವು, ಬಹುಪಾಲು ಉತ್ತರದ ಹಳ್ಳಿಗಾಡಿನಲ್ಲಿ. ನಗರದವರಿಗೆ ತಮ್ಮ ಬೀದಿಯಲ್ಲಿ ಜೈಲು ಬೇಡ. ಉತ್ತರದ ಸೆನೆಟರ್ ರೊನಾಲ್ಡ್ ಸ್ಟಾಫರ್ಡ್ ಅವರಿಗೆ ಬೇಕು. ಎರಡೂ ಕಡೆಗೆ ಹೊಂದಿಕೆ ಆಯಿತು. ಮಲೋನ್ ಅನ್ನುವ ಒಂದೇ ಊರಿಗೆ ಮೂರು ರಾಜ್ಯ ಜೈಲು ಬಂದವು.

ಇದು ನ್ಯೂಯಾರ್ಕ್‌ನಲ್ಲಿ ಮಾತ್ರ ನಡೆದದ್ದಲ್ಲ. ಕೊಲರಾಡೋದ ಫ್ಲಾರೆನ್ಸ್ ಸುತ್ತಮುತ್ತಲಿನ ಜನ ಚಂದಾ ಎತ್ತಿ 600 ಎಕರೆ ಜಮೀನು ಕೊಂಡು ಕೇಂದ್ರ ಸರ್ಕಾರಕ್ಕೆ ಪುಕ್ಕಟೆ ಕೊಟ್ಟರು. ಅಲ್ಲಿ 1994ರಲ್ಲಿ ತೆರೆದದ್ದು ದೇಶದಲ್ಲೇ ಅತಿ ಬಿಗಿ ಕಾವಲಿನ ಜೈಲು. ಕೆಂಟಕಿಯ ಐನೆಜ್ ಹತ್ತಿರ ಕಲ್ಲಿದ್ದಲಿಗಾಗಿ ತಲೆ ಕೊಯ್ದ ಬೆಟ್ಟದ ಮೇಲೆ ಜೈಲು ಕಟ್ಟಿದರು. ಕಟ್ಟುವಾಗಲೇ ನೆಲ ಕುಸಿಯತೊಡಗಿತು. ಸಿಂಗ್ ಸಿಂಗ್ ಅನ್ನುವ ಹೆಸರಾಂತ ಜೈಲಿನ ನೆನಪಿಗೆ ಊರಿನವರು ಇದಕ್ಕೆ ‘ಸಿಂಕ್ ಸಿಂಕ್’, ಅಂದರೆ ಮುಳುಗುವ ಜೈಲು, ಅಂತ ಅಡ್ಡಹೆಸರಿಟ್ಟರು.

ಈಗ ನಿಮ್ಮ ಮೊದಲ ಪ್ರಶ್ನೆ. ಲಾಭ ಇದೆಯಾ?

ಇದೆ, ಆದರೆ ಹೇಳಿದಷ್ಟಿಲ್ಲ. ಯಾರಿಗೆ ಸಿಗುತ್ತದೆ ಅಂದಿದ್ದರೋ ಅವರ ಮನೆಗೂ ಹೋಗಿಲ್ಲ. ಊರಿನವರು ಕನಸು ಕಾಣುವುದು ಹೀಗೆ: ಜೈಲಿನಲ್ಲಿ ಮುನ್ನೂರು ಕೆಲಸ, ನಮ್ಮ ಮುನ್ನೂರು ಹುಡುಗರಿಗೆ ಕೆಲಸ. ಆಗುವುದೇ ಬೇರೆ. ಜೈಲಿನ ಕೆಲಸ ಸರ್ಕಾರಿ ಕೆಲಸ. ಪರೀಕ್ಷೆ ಬರೆಯಬೇಕು, ಪಟ್ಟಿಯಲ್ಲಿ ಹೆಸರು ಬರಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ಹೊಸ ಜೈಲು ತೆರೆದಾಗ ಮೊದಲು ಜಾಗ ಸಿಗುವುದು ಸೀನಿಯಾರಿಟಿ ಇರುವವರಿಗೆ. ಬೇರೆ ಜೈಲುಗಳಲ್ಲಿ ವರ್ಷಗಟ್ಟಲೆ ಟ್ರಾನ್ಸ್‌ಫರಿಗೆ ಕಾದವರು ಬಂದು ತುಂಬಿಕೊಳ್ಳುತ್ತಾರೆ. ನಮ್ಮೂರ ಹುಡುಗ ಆಯ್ಕೆಯಾದರೂ ಅವನ ಮೊದಲ ಪೋಸ್ಟಿಂಗು ನ್ಯೂಯಾರ್ಕ್ ನಗರದ ಕಡೆಯ ಜೈಲಿಗೆ. ಅಲ್ಲಿ ನಾಲ್ಕೈದು ಜನ ಸೇರಿ ಒಂದು ರೂಮು ಮಾಡಿಕೊಂಡು, ರಜೆ ಸಿಕ್ಕಾಗ ಊರಿಗೆ ಓಡಿ ಬರುತ್ತಾ ವರ್ಷ ಕಳೆಯಬೇಕು. ಕೇಂದ್ರ ಸರ್ಕಾರದ ಜೈಲಿನಲ್ಲಿ 37 ವರ್ಷ ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದೇ ಕಷ್ಟ. ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರ ವಯಸ್ಸು ಎಷ್ಟಿರುತ್ತದೆ ಯೋಚಿಸಿ. ಯಾರ ಸಲುವಾಗಿ ಜೈಲು ಕೇಳಿದರೋ ಅವರೇ ಗೇಟಿನ ಹೊರಗೆ ಉಳಿದರು.

ಸಂಬಳ ಬಂದವರಾದರೂ ಅದನ್ನು ಊರಿನಲ್ಲೇ ಖರ್ಚು ಮಾಡುತ್ತಾರಾ? ಎಲ್ಲರೂ ಇಲ್ಲ. ಕಾರಿದೆ, ರಸ್ತೆ ಚೆನ್ನಾಗಿದೆ. ಒಳ್ಳೆ ಶಾಲೆ ಇರುವ ದೊಡ್ಡ ಊರಿನಲ್ಲಿ ಮನೆ ಮಾಡಿಕೊಂಡು ಒಂದು ಗಂಟೆ ಓಡಾಡುತ್ತಾರೆ. ಜೈಲಿಗೆ ಬೇಕಾದ ಹಿಟ್ಟು, ಮಾಂಸ, ಸೋಪು, ಬಟ್ಟೆ ಎಲ್ಲ ರಾಜ್ಯದ ಮಟ್ಟದಲ್ಲಿ ಟೆಂಡರ್ ಆಗಿ ಲಾರಿಯಲ್ಲಿ ಬರುತ್ತದೆ. ಊರಿನ ದಿನಸಿ ಅಂಗಡಿಯವನಿಗೆ ಅದರಲ್ಲಿ ಒಂದು ಮೂಟೆಯೂ ಇಲ್ಲ. ಜೈಲು ಸರ್ಕಾರದ ಆಸ್ತಿ, ಆಸ್ತಿ ತೆರಿಗೆ ಕಟ್ಟುವುದಿಲ್ಲ. ನೀರು, ಒಳಚರಂಡಿ ಮಾತ್ರ ಊರಿನದ್ದೇ ಬೇಕು. ಸಾವಿರ ಜನರ ಬಚ್ಚಲಿನ ನೀರು ಒಂದೇ ಪೈಪಿಗೆ ಬಿದ್ದರೆ ಸಣ್ಣ ಊರಿನ ಘಟಕ ತಡೆಯುವುದಿಲ್ಲ. ಸಾಲ ಮಾಡಿ ದೊಡ್ಡದು ಕಟ್ಟುತ್ತಾರೆ. ಜೈಲು ನೀರಿನ ಬಿಲ್ಲು ಕಟ್ಟುವವರೆಗೆ ಸಾಲ ತೀರುತ್ತಾ ಹೋಗುತ್ತದೆ. ಈ ನೀರಿನ ಬಿಲ್ಲನ್ನು ಮರೆಯಬೇಡಿ, ಮುಂದೆ ಮತ್ತೆ ಬರುತ್ತದೆ.

ಇನ್ನೊಂದು ಪೆಟ್ಟು ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಖೈದಿಗಳ ತಂಡಗಳು ಊರಿನ ಕೆಲಸ ಮಾಡಿಕೊಡುತ್ತವೆ. ಪಾರ್ಕಿನ ಹುಲ್ಲು ಕೊಯ್ಯುವುದು, ಚರ್ಚಿಗೆ ಬಣ್ಣ ಹೊಡೆಯುವುದು, ಹಿಮ ಎತ್ತುವುದು. ಮೈನ್‌ವಿಲ್‌ನ ಜೈಲಿನವರು ಇದಕ್ಕೇ ಹೆಸರಾಗಿದ್ದರು. ಊರಿನವರಿಗೆ ಅವರ ಮೇಲೆ ನಿಜವಾದ ಪ್ರೀತಿಯೂ ಇತ್ತು. ಪಂಚಾಯಿತಿಗೆ ಉಳಿತಾಯ ಆಯಿತು, ಸರಿ. ಅದೇ ಕೆಲಸಕ್ಕೆ ಕೂಲಿ ಪಡೆಯಬಹುದಾಗಿದ್ದ ಊರಿನ ಬಡವನಿಗೆ ಏನು ಉಳಿಯಿತು?

ಲೆಕ್ಕ ಹಾಕಿದವರೂ ಇದನ್ನೇ ಹೇಳುತ್ತಾರೆ. 2003ರಲ್ಲಿ ಸೆಂಟೆನ್ಸಿಂಗ್ ಪ್ರಾಜೆಕ್ಟ್ ಎಂಬ ಸಂಸ್ಥೆ ನ್ಯೂಯಾರ್ಕ್‌ನ ಹಳ್ಳಿಗಾಡಿನ ಕೌಂಟಿಗಳ 25 ವರ್ಷದ ಅಂಕಿಗಳನ್ನು ತೆಗೆದು ನೋಡಿತು. ಜೈಲು ಬಂದ ಕಡೆ, ಬಾರದ ಕಡೆ ನಿರುದ್ಯೋಗದಲ್ಲೂ ತಲಾ ಆದಾಯದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಮಾಜಶಾಸ್ತ್ರಜ್ಞ ಗ್ರೆಗರಿ ಹುಕ್ಸ್ ಮತ್ತು ಅವರ ಜೊತೆಗಾರರು 1969ರಿಂದ 1994ರವರೆಗಿನ ಇಡೀ ದೇಶದ ಕೌಂಟಿಗಳನ್ನು ನೋಡಿದರು. ಮೊದಲೇ ಕುಂಟುತ್ತಿದ್ದ ಹಳ್ಳಿಗಾಡಿನಲ್ಲಿ ಜೈಲು ಬಂದ ಮೇಲೆ ಬೆಳವಣಿಗೆ ಇನ್ನೂ ನಿಧಾನವಾಗಿತ್ತು. ಯಾಕಿರಬಹುದು? ಊರಿನ ಶಕ್ತಿಯೆಲ್ಲ ಜೈಲಿನ ರಸ್ತೆ, ಜೈಲಿನ ನೀರು, ಜೈಲಿನ ಜಮೀನಿಗೆ ಹೋಯಿತು. ಬೇರೆ ಕಾರ್ಖಾನೆಯವನು ಬಂದರೆ ಕೊಡಲು ಏನೂ ಉಳಿಯಲಿಲ್ಲ. ಅಲ್ಲದೆ ‘ಜೈಲೂರು’ ಅನ್ನುವ ಹೆಸರು ಬಿದ್ದ ಮೇಲೆ ಬೇರೆಯವರು ಬರುವುದೂ ಕಡಿಮೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಊರಿನವರನ್ನು ದಡ್ಡರು ಅಂದಹಾಗೆ ಆಗುತ್ತದೆ. ಜಾನ್ ಈಸನ್ ಎಂಬ ಸಮಾಜಶಾಸ್ತ್ರಜ್ಞರು ಅರ್ಕಾನ್ಸಾಸ್‌ನ ಫಾರೆಸ್ಟ್ ಸಿಟಿಗೆ ಸಂಸಾರ ಸಮೇತ ಹೋಗಿ ನೆಲೆಸಿ ನೋಡಿದರು. ಅವರು ಕಂಡದ್ದು ಬೇರೆ. ಬಡತನ, ಜನಾಂಗದ ಜಗಳ, ಕೆಟ್ಟ ಹೆಸರು ಮೊದಲೇ ಇದ್ದ ಊರು ಜೈಲನ್ನು ಹಿಡಿದುಕೊಂಡು ಇನ್ನಷ್ಟು ಜಾರುವುದನ್ನು ತಡೆದುಕೊಳ್ಳುತ್ತದೆ. ನನಗೆ ಈ ಮಾತು ಸರಿ ಅನ್ನಿಸುತ್ತದೆ. ಜೈಲು ಮೇಲಕ್ಕೆ ಹತ್ತುವ ಏಣಿ ಅಲ್ಲ, ಬೀಳುವಾಗ ಕೈಗೆ ಸಿಕ್ಕಿದ ಕೊಂಬೆ. ನಿಮ್ಮ ಅಳಿಯನ ಆಸ್ಪತ್ರೆಯನ್ನೇ ನೋಡಿ. ಜೈಲಿನ ನೌಕರರಿಗೆ ಒಳ್ಳೆ ವಿಮೆ ಇರುತ್ತದೆ. ಬಡವರ ಸರ್ಕಾರಿ ವಿಮೆ ಆಸ್ಪತ್ರೆಗೆ ಕೊಡುವುದು ಕಡಿಮೆ, ನೌಕರರ ವಿಮೆ ಜಾಸ್ತಿ ಕೊಡುತ್ತದೆ. ಆ ನೂರಾರು ಸಂಸಾರ ಊರು ಬಿಟ್ಟರೆ ಹೆರಿಗೆ ವಾರ್ಡು ನಡೆಸುವುದೇ ಕಷ್ಟವಾಗುವ ಆಸ್ಪತ್ರೆಗಳು ಅಲ್ಲಿ ಬೇಕಾದಷ್ಟಿವೆ.

ಲಾಭದ ಇನ್ನೊಂದು ಬಗೆ ಇದೆ, ತಲೆ ಎಣಿಕೆಯದು. ಅಮೆರಿಕದ ಜನಗಣತಿ ಖೈದಿಯನ್ನು ಅವನ ಮನೆಯಿರುವ ಊರಿನಲ್ಲಿ ಎಣಿಸುವುದಿಲ್ಲ, ಜೈಲಿರುವ ಊರಿನಲ್ಲಿ ಎಣಿಸುತ್ತದೆ. ಜನಸಂಖ್ಯೆ ನೋಡಿ ಹಂಚುವ ಹಣ ಹಾಗಾಗಿ ಜೈಲೂರಿಗೆ ಬರುತ್ತದೆ. ಅರಿಜೋನಾದಲ್ಲೂ ಫ್ಲಾರೆನ್ಸ್ ಅಂತ ಒಂದು ಊರಿದೆ. ಅಲ್ಲಿನ ಲೆಕ್ಕದ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೀಗದೊಳಗೇ ಇದ್ದ ಕಾಲವಿತ್ತು. ಅವರ ಪಾಲಿನ ಹಣ ಊರಿಗೆ ಬಂತು. ಅವರು ಊರಿನ ಲೈಬ್ರರಿಗೆ ಬರುವವರಲ್ಲ, ರಸ್ತೆ ಸವೆಸುವವರೂ ಅಲ್ಲ.

ಹಣಕ್ಕಿಂತ ಓಟಿನ ಕತೆ ತಮಾಷೆಯಾಗಿದೆ. ಅಯೋವಾ ರಾಜ್ಯದ ಅನಮೋಸಾ ಪಟ್ಟಣವನ್ನು ನಾಲ್ಕು ವಾರ್ಡು ಮಾಡಿದ್ದರು, ಒಂದೊಂದಕ್ಕೆ ಸುಮಾರು 1,400 ಜನ. ಎರಡನೇ ವಾರ್ಡಿನ 1,400ರಲ್ಲಿ ಸುಮಾರು 1,300 ಜನ ಜೈಲಿನೊಳಗಿನವರು. ಅವರಿಗೆ ಮತ ಹಾಕುವ ಹಕ್ಕಿಲ್ಲ. 2005ರ ಚುನಾವಣೆಯಲ್ಲಿ ಆ ವಾರ್ಡಿಗೆ ಯಾರೂ ನಿಲ್ಲಲಿಲ್ಲ. ಒಬ್ಬರ ಹೆಸರನ್ನು ಅವರ ಹೆಂಡತಿ ಮತ್ತು ಪಕ್ಕದ ಮನೆಯವರು ಚೀಟಿಯ ಮೇಲೆ ಬರೆದು ಹಾಕಿದರು. ಎರಡು ಓಟು. ಗೆದ್ದುಬಿಟ್ಟರು! ಆಮೇಲೆ ಊರು ವಾರ್ಡು ಪದ್ಧತಿಯನ್ನೇ ಕೈಬಿಟ್ಟಿತು. ನ್ಯೂಯಾರ್ಕ್‌ನಲ್ಲಿ ಇದು ತಮಾಷೆಯಾಗಿರಲಿಲ್ಲ. ನಗರದ ಕಪ್ಪು ಮತ್ತು ಲ್ಯಾಟಿನೋ ಬಡಾವಣೆಗಳ ಸಾವಿರಾರು ಜನ ಉತ್ತರದ ಬಿಳಿಯರ ಕ್ಷೇತ್ರಗಳ ಲೆಕ್ಕಕ್ಕೆ ಸೇರುತ್ತಿದ್ದರು. ಮನೆಯ ಕಡೆಯ ಬಲ ಕುಗ್ಗಿತು, ಜೈಲಿನ ಕಡೆಯ ಬಲ ಹೆಚ್ಚಿತು. ಹೆಚ್ಚಿದ ಬಲದಿಂದ ಆರಿಸಿ ಬಂದವರು ಜೈಲು ಕಡಿಮೆ ಮಾಡುವ ಕಾನೂನಿಗೆ ಅಡ್ಡ ನಿಂತರು. 2010ರಲ್ಲಿ ನ್ಯೂಯಾರ್ಕ್, ಮೇರಿಲ್ಯಾಂಡ್ ಇದನ್ನು ಸರಿ ಮಾಡಿದವು. ಕ್ಷೇತ್ರ ಗೆರೆ ಎಳೆಯುವಾಗ ಈಗ ಅಲ್ಲಿ ಖೈದಿಯನ್ನು ಅವನ ಮನೆಯ ವಿಳಾಸಕ್ಕೇ ಸೇರಿಸುತ್ತಾರೆ.

ದುಡ್ಡಿನ ಮಾತು ಸಾಕು. ಬದುಕಿನ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಪಕ್ಕದ ಮನೆಯವರ ವಿಷಯ ಬರೆದಿದ್ದೀರಲ್ಲ, ಅದಕ್ಕೇ ಹೇಳುತ್ತೇನೆ.

ಉತ್ತರದಲ್ಲೇ ಇರುವ ಡ್ಯಾನೆಮೋರಾ ಅನ್ನುವ ಊರಿಗೆ ಒಮ್ಮೆ ಕರೆದುಕೊಂಡು ಹೋಗಲು ಮಗಳಿಗೆ ಹೇಳಿ. ಅಲ್ಲಿನ ಜೈಲು 1845ರದ್ದು. ಊರಿನ ಮುಖ್ಯ ಬೀದಿಯ ಒಂದು ಪಕ್ಕ ಅಂಗಡಿ, ಮನೆ. ಇನ್ನೊಂದು ಪಕ್ಕ ಉದ್ದಕ್ಕೂ ಜೈಲಿನ ಎತ್ತರದ ಬಿಳಿ ಗೋಡೆ. ಅಜ್ಜ, ಅಪ್ಪ, ಮಗ, ಈಗೀಗ ಸೊಸೆ, ಮಗಳು ಕೂಡ ಆ ಗೋಡೆಯೊಳಗೆ ಡ್ಯೂಟಿ ಮಾಡಿದವರು. ಊಟದ ಹೊತ್ತಿನಲ್ಲಿ ಯಾರೂ ಕೆಲಸದ ಮಾತು ಎತ್ತುವುದಿಲ್ಲ. ಗಾರ್ಡುಗಳಲ್ಲಿ ಒಂದು ಮಾತಿದೆ: ನಾವೂ ಜೀವಾವಧಿ ಶಿಕ್ಷೆಯವರೇ, ಎಂಟೆಂಟು ಗಂಟೆಯ ಕಂತಿನಲ್ಲಿ ಮುಗಿಸುತ್ತೇವೆ ಅಂತ. ಈಗ ಎಂಟೂ ಅಲ್ಲ. ಜನ ಸಾಲದೆ ಬಲವಂತದ ಓವರ್‌ಟೈಮಿನಲ್ಲಿ ಹದಿನಾರು, ಕೆಲವು ಸಲ ಇಪ್ಪತ್ನಾಲ್ಕು ಗಂಟೆ. ಕುಡಿತ, ಮುರಿದ ಮದುವೆ, ನಿದ್ದೆ ಇಲ್ಲದ ರಾತ್ರಿ. ಸಂಬಳದ ಚೀಟಿಯಲ್ಲಿ ಇದು ಕಾಣುವುದಿಲ್ಲ. ಒಳಗೆ ಎಲ್ಲರನ್ನೂ ಅನುಮಾನದಿಂದ ನೋಡಿ ಅಭ್ಯಾಸವಾದವನು ಮನೆಗೆ ಬಂದ ಮೇಲೆ ಹದಿನಾರರ ಮಗನನ್ನು ಹೇಗೆ ನೋಡಿಯಾನು?

2015ರ ಜೂನ್‌ನಲ್ಲಿ ಇದೇ ಡ್ಯಾನೆಮೋರಾದಿಂದ ಇಬ್ಬರು ಕೊಲೆ ಅಪರಾಧಿಗಳು ಪೈಪು ಕೊರೆದು ಓಡಿಹೋದರು. ಮೂರು ವಾರ ಹುಡುಕಾಟ ನಡೆಯಿತು. ಒಬ್ಬನನ್ನು ಗುಂಡಿಟ್ಟು ಕೊಂದರು, ಇನ್ನೊಬ್ಬ ಸಿಕ್ಕ. ಸಹಾಯ ಮಾಡಿದವರು ಜೈಲಿನ ಹೊಲಿಗೆ ವಿಭಾಗದಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದ ಆ ಭಾಗದ ಹೆಂಗಸು. ಅವರ ಗಂಡನಿಗೂ ಅದೇ ಜೈಲಿನಲ್ಲಿ ಕೆಲಸ. ಇಂಥ ಊರಿನಲ್ಲಿ ಜೈಲು ಮತ್ತು ಸಂಸಾರ ಹೇಗೆ ಹೆಣೆದುಕೊಂಡಿರುತ್ತವೆ ನೋಡಿ.

ಗೋಡೆಯ ಒಳಗಿನವರೂ ಆ ಊರಿನಲ್ಲೇ ಬದುಕುತ್ತಿದ್ದಾರೆ, ಅದನ್ನು ಮರೆಯಬಾರದು. ಬಹಳಷ್ಟು ಜನ ನ್ಯೂಯಾರ್ಕ್ ನಗರದವರು. ಕಾವಲಿನವರು ಹೆಚ್ಚಾಗಿ ಹಳ್ಳಿಯ ಬಿಳಿಯರು. ಒಬ್ಬರ ಮಾತು ಒಬ್ಬರಿಗೆ ಕಿವಿಗೆ ಹಿಡಿಸದು. 1971ರಲ್ಲಿ ನ್ಯೂಯಾರ್ಕ್‌ನದ್ದೇ ಆಟಿಕಾ ಜೈಲಿನಲ್ಲಿ ಈ ಬಿರುಕು ದಂಗೆಯಾಗಿ ಸಿಡಿದಾಗ 43 ಜನ ಸತ್ತರು, ಖೈದಿಗಳೂ ನೌಕರರೂ. ಅದರಲ್ಲಿ ಹೆಚ್ಚಿನವರು ಸತ್ತದ್ದು ಸರ್ಕಾರ ನುಗ್ಗಿಸಿದ ಪೊಲೀಸರ ಗುಂಡಿಗೆ. 2024ರ ಡಿಸೆಂಬರಿನಲ್ಲಿ ಮಾರ್ಸಿ ಜೈಲಿನಲ್ಲಿ ಕೈಗೆ ಕೋಳ ಹಾಕಿದ್ದ ಕಪ್ಪು ಖೈದಿಯೊಬ್ಬನನ್ನು ಗಾರ್ಡುಗಳು ಹೊಡೆದರು, ಆತ ಸತ್ತ. ಅವರದ್ದೇ ಎದೆಯ ಮೇಲಿದ್ದ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಅವನಂಥವರ ತಾಯಂದಿರು, ಹೆಂಡಿರು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಉತ್ತರದ ಊರುಗಳಲ್ಲಿ ಇಳಿಯುತ್ತಾರೆ. ಮೊದಲು ರಾಜ್ಯವೇ ಪುಕ್ಕಟೆ ಬಸ್ಸು ಬಿಡುತ್ತಿತ್ತು, 2011ರಲ್ಲಿ ಖರ್ಚು ಉಳಿಸಲು ಅದನ್ನು ನಿಲ್ಲಿಸಿದರು. ಊರಿನ ಮೋಟೆಲಿಗೆ, ಹೋಟೆಲಿಗೆ ಇವರೂ ಗಿರಾಕಿಗಳೇ. ಆದರೆ ಊರಿನ ಆದಾಯದ ಮಾತು ಬಂದಾಗ ಇವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಖಾಸಗಿ ಜೈಲು ನಂಬಿ ಜೂಜಾಡಿದ ಊರುಗಳ ಕತೆ ಇನ್ನೂ ಕಷ್ಟದ್ದು. ಮೊಂಟಾನಾದ ಹಾರ್ಡಿನ್ 2.7 ಕೋಟಿ ಡಾಲರ್ ಬಾಂಡ್ ಎತ್ತಿ 464 ಹಾಸಿಗೆಯ ಜೈಲನ್ನು 2007ರಲ್ಲಿ ಕಟ್ಟಿ ಮುಗಿಸಿತು. ಖೈದಿಗಳೇ ಬರಲಿಲ್ಲ. 2009ರಲ್ಲಿ, ಭಯೋತ್ಪಾದನೆಯ ಶಂಕಿತರನ್ನು ಅಮೆರಿಕ ಇಟ್ಟಿದ್ದ ಗ್ವಾಂಟನಾಮೋದ ಬಂದಿಗಳನ್ನಾದರೂ ಕಳಿಸಿ ಅಂತ ನಗರಸಭೆ ನಿರ್ಣಯ ಮಾಡಿತು. ಅದೂ ಆಗಲಿಲ್ಲ. ಆಮೇಲೆ ಜೈಲು ನಡೆಸುತ್ತೇನೆ ಅಂತ ಬಂದವನು ಮೋಸದ ಕೇಸಿನಲ್ಲಿ ಮೊದಲೇ ಜೈಲು ಕಂಡವನು ಅಂತ ಗೊತ್ತಾಯಿತು. ಖಾಲಿ ಹೋಟೆಲಿಗೆ ಬೇರೆ ಥರದ ಗಿರಾಕಿಯನ್ನು ಹುಡುಕಬಹುದು. ಖಾಲಿ ಜೈಲಿಗೆ ಖೈದಿಯೇ ಬೇಕು.

ಇನ್ನು ಮುಚ್ಚಿದ ಮೇಲಿನ ಮಾತು. ನ್ಯೂಯಾರ್ಕ್‌ನಲ್ಲಿ 1999ರಲ್ಲಿ ಸುಮಾರು 72,600 ಖೈದಿಗಳಿದ್ದರು. ಅಪರಾಧ ಇಳಿಯಿತು, ಕಾನೂನು ಸಡಿಲವಾಯಿತು, ಈಗ ಅದರ ಅರ್ಧಕ್ಕಿಂತ ಕಡಿಮೆ. 2011ರಲ್ಲಿ ಗವರ್ನರ್ ಆದ ಆಂಡ್ರ್ಯೂ ಕ್ವೋಮೊ, ಜೈಲಿರುವುದು ಉದ್ಯೋಗ ಕೊಡುವುದಕ್ಕಲ್ಲ ಅಂತ ಹೇಳಿ ಮುಚ್ಚಲು ಶುರು ಮಾಡಿದರು. ಅಪ್ಪ ಮಾರಿಯೋ ಕಟ್ಟಿದ್ದು, ಮಗ ಮುಚ್ಚಿದ್ದು! ಅಲ್ಲಿಂದ ಇಲ್ಲಿಯವರೆಗೆ ಇಪ್ಪತ್ತಕ್ಕೂ ಜಾಸ್ತಿ ಜೈಲು ಬಾಗಿಲು ಹಾಕಿವೆ. ಲಯನ್ ಮೌಂಟನ್ 2011ರಲ್ಲಿ, ಮೈನ್‌ವಿಲ್ 2022ರ ಮಾರ್ಚಿನಲ್ಲಿ. ಈಗೀಗ ಊರಿಗೆ ಸಿಗುವುದು 90 ದಿನದ ನೋಟಿಸು.

ನೌಕರರಿಗೆ ಬೇರೆ ಜೈಲಿಗೆ ವರ್ಗ ಸಿಗುತ್ತದೆ. ಹಾಗಾಗಿ ನಿರುದ್ಯೋಗದ ಅಂಕಿ ಅಷ್ಟೇನೂ ಏರುವುದಿಲ್ಲ. ರಾಜಧಾನಿಯಲ್ಲಿ ಕೂತವರು ಅದನ್ನೇ ತೋರಿಸುತ್ತಾರೆ. ಆದರೆ ಸಂಸಾರ ಹೋಗುತ್ತದೆ, ಶಾಲೆಯಲ್ಲಿ ಮಕ್ಕಳು ಕಡಿಮೆ ಆಗುತ್ತಾರೆ, ಊರಿನ ಅಗ್ನಿಶಾಮಕ ತಂಡಕ್ಕೆ ಸಂಬಳವಿಲ್ಲದೆ ದುಡಿಯುತ್ತಿದ್ದ ಗಟ್ಟಿ ಆಳುಗಳು ಹೋಗುತ್ತಾರೆ. ಮತ್ತೆ ಆ ನೀರಿನ ಬಿಲ್ಲು! ಜೈಲಿಗಾಗಿ ಕಟ್ಟಿದ ಘಟಕದ ಸಾಲ ಉಳಿದ ಮನೆಗಳ ಮೇಲೆ ಬೀಳುತ್ತದೆ.

ಕ್ಯಾಲಿಫೋರ್ನಿಯಾದ ಸೂಸನ್‌ವಿಲ್ ಸುಮ್ಮನೆ ಕೂರಲಿಲ್ಲ. ಮರದ ಕಾರ್ಖಾನೆಗಳು ಹೋದ ಮೇಲೆ ಜೈಲನ್ನೇ ನಂಬಿದ್ದ ಊರದು. 2021ರಲ್ಲಿ ಅಲ್ಲಿನ ಎರಡು ರಾಜ್ಯ ಜೈಲುಗಳಲ್ಲಿ ಒಂದನ್ನು ಮುಚ್ಚುವ ಘೋಷಣೆ ಆಯಿತು. ಊರು ಕೋರ್ಟಿಗೆ ಹೋಯಿತು. ವಾದ ಏನು ಗೊತ್ತಾ? ಜೈಲು ಮುಚ್ಚುವಾಗ ಪರಿಸರದ ಮೇಲಿನ ಪರಿಣಾಮ ನೋಡಿಲ್ಲ ಅಂತ. ಒಂದು ವರ್ಷ ತಡೆಯಾಜ್ಞೆಯೂ ಸಿಕ್ಕಿತು. ಒಳಗಿದ್ದ ಖೈದಿಗಳೇ, ಮುಚ್ಚಿ ಸ್ವಾಮಿ ಅಂತ ಕೋರ್ಟಿಗೆ ಬರೆದರು. 2022ರ ಸೆಪ್ಟೆಂಬರಿನಲ್ಲಿ ಕೇಸು ಬಿತ್ತು, ಮರುವರ್ಷದ ಜೂನ್‌ನಲ್ಲಿ ಜೈಲು ಮುಚ್ಚಿತು.

ಖಾಲಿ ಕಟ್ಟಡಕ್ಕೆ ಬೇರೆ ಬಾಳು ಸಿಕ್ಕ ಕಡೆಯೂ ಇವೆ. ಟೆನೆಸೀಯ ಪೆಟ್ರೋಸ್‌ನಲ್ಲಿ ಬ್ರಷಿ ಮೌಂಟನ್ ಜೈಲಿನ ಖೈದಿಗಳು ಒಂದು ಕಾಲದಲ್ಲಿ ಕಲ್ಲಿದ್ದಲು ತೋಡುತ್ತಿದ್ದರು. 2009ರಲ್ಲಿ ಮುಚ್ಚಿತು. 2018ರಲ್ಲಿ ಅದೇ ಜಾಗದಲ್ಲಿ ಮ್ಯೂಸಿಯಂ ಮತ್ತು ಹೆಂಡದ ಭಟ್ಟಿ ತೆರೆದರು. ಜನ ಟಿಕೆಟ್ ಕೊಟ್ಟು ಒಳಗೆ ಹೋಗುತ್ತಾರೆ. ನ್ಯೂಯಾರ್ಕ್‌ನ ವಾರ್ವಿಕ್‌ನಲ್ಲಿ ಜೈಲಿನ ಜಾಗ ಕೈಗಾರಿಕಾ ಪಾರ್ಕ್ ಆಯಿತು. ಆದರೆ ವಾರ್ವಿಕ್ ನ್ಯೂಯಾರ್ಕ್ ನಗರಕ್ಕೆ ಹತ್ತಿರ. ನಿಮ್ಮ ಮಗಳ ಕಡೆಯ ಊರುಗಳಿಗೆ ಆ ಅನುಕೂಲ ಇಲ್ಲ.

ಕೊನೆಗೆ ಒಂದು ವಿಷಯ, ಇದು ನೀವು ಅಲ್ಲಿಗೆ ಮತ್ತೆ ಹೋದಾಗ ಕಣ್ಣಿಗೆ ಬೀಳಬಹುದು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಜೈಲು ಗಾರ್ಡುಗಳು ಕಾನೂನು ಮೀರಿ ಮುಷ್ಕರ ಮಾಡಿದರು, ಮೂರು ವಾರ. ವಾಪಸ್ ಬಾರದ 2,000ಕ್ಕೂ ಹೆಚ್ಚು ಜನರನ್ನು ಸರ್ಕಾರ ಕೆಲಸದಿಂದ ತೆಗೆಯಿತು. ಅವರ ಜಾಗಕ್ಕೆ ಸೈನಿಕರನ್ನು ತಂದು ನಿಲ್ಲಿಸಿತು. ಹೊಸಬರು ಸಾಕಷ್ಟು ಸಿಗುತ್ತಿಲ್ಲ. ಈಗ ಜೈಲು ಮುಚ್ಚಲು ಖೈದಿಗಳು ಕಡಿಮೆಯಾದದ್ದರ ಜೊತೆಗೆ ಕಾಯುವವರು ಇಲ್ಲದ್ದೂ ಒಂದು ಕಾರಣ. ಪಕ್ಕದ ಮನೆಯವರ ಜೊತೆ ಮಾತಿಗೆ ಕೂತಾಗ, ನಿಮ್ಮ ಮಗನೂ ಆ ಪರೀಕ್ಷೆ ಬರೆಯುತ್ತಾನಾ ಅಂತ ಕೇಳಿ ನೋಡಿ.